ಕಟಾನಾ, ಕತನ, ಕತ್ತಿ: ಆಯುಧದ ಹೆಸರನ್ನು ಅನುವಾದಿಸಬೇಕಾ, ಹಾಗೇ ಬಿಡಬೇಕಾ?

ನಮ್ಮ ಹಾಸ್ಟೆಲ್‌ನಲ್ಲಿ ಅನಿಮೆ ನೋಡದವರು ಕಡಿಮೆ. ಆದರೆ ನೋಡಿದ್ದರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಮೊದಲ ಸಾಲಲ್ಲೇ ಪೆನ್ನು ನಿಲ್ಲುತ್ತದೆ. ನಾಯಕನ ಕೈಯಲ್ಲಿ ಇರೋದನ್ನು ಏನಂತ ಬರೀಬೇಕು? ‘ಕಟಾನಾ’ ಅಂತಲಾ, ‘ಸಮುರಾಯ್ ಸ್ವೋರ್ಡ್’ ಅಂತಲಾ, ‘ಜಪಾನಿ ಖಡ್ಗ’ ಅಂತಲಾ, ಇಲ್ಲಾ ಸುಮ್ನೆ ‘ಕತ್ತಿ’ ಅಂತಲಾ?

ಇದರಲ್ಲಿ ಎರಡು ಪಕ್ಷ ಇದೆ. ಒಂದು ಪಕ್ಷ ಹೇಳುತ್ತೆ, ಮೂಲದ ಹೆಸರನ್ನು ಮುಟ್ಟಬಾರದು, ಅದು ಆ ಜನರ ವಸ್ತು. ಇನ್ನೊಂದು ಪಕ್ಷ ಹೇಳುತ್ತೆ, ಓದುವವರಿಗೆ ಅರ್ಥ ಆಗದ ಮೇಲೆ ಬರೆದು ಏನು ಪ್ರಯೋಜನ, ಅನುವಾದ ಮಾಡಿ. ಎರಡರಲ್ಲೂ ಹುರುಳಿದೆ. ಹಾಗಾಗಿ ಒಂದೇ ಉತ್ತರ ಎಲ್ಲ ಪದಕ್ಕೂ ಹೊಂದಲ್ಲ. ಯಾವ ಪದಕ್ಕೆ ಯಾವ ಉತ್ತರ ಅಂತ ತೀರ್ಮಾನ ಮಾಡೋ ಒಂದು ಕ್ರಮವನ್ನು ಈ ಪಾಠದಲ್ಲಿ ನೋಡೋಣ. ಇದು ಜಪಾನಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕರ್ನಾಟಕದ ಎರಡು ಪದಗಳು ಇದೇ ಪ್ರಶ್ನೆಯಲ್ಲಿ ಸಿಕ್ಕಿ ಹೇಗೆ ರೂಪ ಕೆಡಿಸಿಕೊಂಡು ವಾಪಸ್ ಬಂದವು ಅನ್ನೋದನ್ನೂ ಮುಂದೆ ನೋಡ್ತೇವೆ.

1. ಮೊದಲು ಸರಿಯಾಗಿ ಬರೆಯೋಣ

ಮೂಲದ ಹೆಸರು ಬೇಕು ಅನ್ನುವವರು ಬರೆಯುವ ‘ಕಟಾನಾ’ ನಿಜವಾಗಿ ಮೂಲದ ಹೆಸರಲ್ಲ. ಅದು ಇಂಗ್ಲಿಷಿನವರ ಉಚ್ಚಾರ. ಜಪಾನಿ ಭಾಷೆಯಲ್ಲಿ ಆ ಪದದ ಮೂರೂ ಸ್ವರ ಹ್ರಸ್ವ. ‘ತ’ಕಾರ ನಮ್ಮ ‘ತ’ಕ್ಕೆ ಹತ್ತಿರ, ‘ಟ’ಕ್ಕೆ ಅಲ್ಲ. ಅಂದರೆ ಕನ್ನಡದಲ್ಲಿ ಬರೆಯಬೇಕಾದ್ದು ‘ಕತನ’. ಹಾಗೇ ‘ತಚಿ’, ‘ನಗಿನತ’, ‘ನುಂಚಕು’.

ಇಲ್ಲಿ ಕನ್ನಡ ಲಿಪಿಗೆ ಒಂದು ಅನುಕೂಲ ಇದೆ. ಜಪಾನಿಯಲ್ಲಿ ಸ್ವರ ಹ್ರಸ್ವವೋ ದೀರ್ಘವೋ ಅನ್ನೋದರ ಮೇಲೆ ಅರ್ಥವೇ ಬದಲಾಗುತ್ತದೆ. ಒತ್ತಕ್ಷರ ಇದೆಯೋ ಇಲ್ಲವೋ ಅನ್ನೋದೂ ಮುಖ್ಯ. ಇಂಗ್ಲಿಷ್ ಅಕ್ಷರಗಳಲ್ಲಿ ದೀರ್ಘವನ್ನು ತೋರಿಸೋಕೆ ತಲೆ ಮೇಲೆ ಗೆರೆ ಎಳೀಬೇಕು, ಹೆಚ್ಚಿನವರು ಎಳೆಯೋದಿಲ್ಲ. ನಮಗೆ ಒ ಬೇರೆ, ಓ ಬೇರೆ. ಎ ಬೇರೆ, ಏ ಬೇರೆ. ಉದ್ದ ಕೋಲಿಗೆ ಜಪಾನಿಯಲ್ಲಿ ‘ಬೋ’, ದೀರ್ಘ. ಎದೋ ಕಾಲದ ಪೊಲೀಸರು ಹಿಡಿಯುತ್ತಿದ್ದ ಕೊಕ್ಕೆ ಇರುವ ಕಬ್ಬಿಣದ ಕೋಲು ‘ಜಿತ್ತೆ’, ಒತ್ತು ತ. ‘ಅಕ್ಕ’, ‘ಕತ್ತಿ’ ಅನ್ನುವ ನಾಲಗೆಗೆ ‘ಜಿತ್ತೆ’ ಕಷ್ಟ ಏನಿಲ್ಲ. ಒಕಿನಾವದ ಮೂರು ಮೊನೆಯ ಆಯುಧ ‘ಸಾಯಿ’ ಬಂದಾಗ ಮಾತ್ರ ಸ್ವಲ್ಪ ತೊಂದರೆ. ಕನ್ನಡದಲ್ಲಿ ಅದು ಬೈಗುಳದ ಹಾಗೆ ಕೇಳುತ್ತೆ. ಆಯುಧ ತಾನೇ, ಇರಲಿ ಬಿಡಿ.

ಹಾಗಾಗಿ ಮೊದಲ ಪಾಠ: ಮೂಲದ ಹೆಸರು ಇಟ್ಟುಕೊಳ್ಳೋದಾದರೆ ಮೂಲದಿಂದಲೇ ತರಬೇಕು. ನಡುವೆ ಇಂಗ್ಲಿಷನ್ನು ದಲ್ಲಾಳಿ ಮಾಡಿಕೊಳ್ಳಬಾರದು.

2. ಎಂಟನೇ ಕ್ಲಾಸಿನ ವ್ಯಾಕರಣ ಇಲ್ಲಿ ಕೆಲಸಕ್ಕೆ ಬರುತ್ತೆ

ಕನ್ನಡ ಎರಡನೇ ಭಾಷೆ ಅಂತ ಓದಿದವರಿಗೂ ಮೂರು ಪದ ನೆನಪಿರಬೇಕು: ಅಂಕಿತನಾಮ, ಅನ್ವರ್ಥನಾಮ, ರೂಢನಾಮ. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟದ್ದು. ಆಯುಧದ ಹೆಸರುಗಳನ್ನು ಈ ಮೂರು ಡಬ್ಬಿಗೆ ಹಾಕಿದರೆ ಅರ್ಧ ಜಗಳ ಮುಗಿಯುತ್ತೆ.

ಅಂಕಿತನಾಮ ಅಂದ್ರೆ ಒಂದೇ ಒಂದು ವಸ್ತುವಿಗೆ ಇಟ್ಟ ಹೆಸರು. ಅರ್ಜುನನ ಬಿಲ್ಲು ಗಾಂಡೀವ, ವಿಷ್ಣುವಿನ ಗದೆ ಕೌಮೋದಕಿ. ಹೊನ್ನಾವರದ ಕಡೆ ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರ್ಥಧಾರಿ ‘ಗಾಂಡೀವ’ ಅನ್ನುವ ಕಡೆಯೆಲ್ಲ ‘ನನ್ನ ಬಿಲ್ಲು’ ಅಂದರೆ ಮಾತು ಸಪ್ಪೆ ಆಗುತ್ತೆ. ಜಪಾನಿನ ಪುರಾಣದಲ್ಲೂ ‘ಕುಸನಗಿ’ ಅನ್ನುವ ಖಡ್ಗ ಇದೆ. ‘ಕುಸ’ ಅಂದ್ರೆ ಹುಲ್ಲು, ಹುಲ್ಲು ಸವರುವ ಖಡ್ಗ ಅಂತ ಅರ್ಥ ಹೇಳ್ತಾರೆ. ಆದರೂ ಅದನ್ನು ‘ಹುಲ್ಲುಸವರಿ’ ಅಂತ ಬರೆಯಬಾರದು. ಅಂಕಿತನಾಮಕ್ಕೆ ಅನುವಾದ ಇಲ್ಲ. ಬೇಕಾದರೆ ಅರ್ಥವನ್ನು ಒಮ್ಮೆ ಹೇಳಿ ಮುಂದೆ ಹೋಗಬಹುದು.

ಅನ್ವರ್ಥನಾಮ ಅಂದ್ರೆ ಅರ್ಥವೇ ಹೆಸರಾದದ್ದು. ಇಲ್ಲಿ ಆ ಪದವನ್ನು ಸ್ವಲ್ಪ ಸಡಿಲವಾಗಿ ಬಳಸ್ತಿದ್ದೇನೆ. ಜಪಾನಿನ ‘ಕುಸರಿಗಮ’ ನೋಡಿ. ‘ಕುಸರಿ’ ಅಂದ್ರೆ ಸರಪಳಿ, ‘ಕಮ’ ಅಂದ್ರೆ ಕುಡುಗೋಲು. ಕುಡುಗೋಲಿಗೆ ಸರಪಳಿ, ಸರಪಳಿಯ ತುದಿಗೆ ಒಂದು ಗುಂಡು. ಎರಡು ಪದ ಸೇರುವಾಗ ‘ಕಮ’ದ ಕ ಹೋಗಿ ಗ ಬಂತು. ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮಳೆ + ಕಾಲ = ಮಳೆಗಾಲ. ಮೆಟ್ಟು + ಕತ್ತಿ = ಮೆಟ್ಟುಗತ್ತಿ. ನಮ್ಮಲ್ಲಿ ಇದಕ್ಕೆ ಆದೇಶ ಸಂಧಿ ಅಂತ ಹೆಸರು, ಜಪಾನಿಯಲ್ಲಿ ‘ರೆಂದಕು’. ಹಾಗಿರುವಾಗ ಕುಸರಿಗಮವನ್ನು ‘ಸರಪಳಿಗುಡುಗೋಲು’ ಅಂತ ಬರೆದರೆ ಅರ್ಥವೂ ಬಂತು, ಸಂಧಿಯೂ ಬಂತು. ಈ ಡಬ್ಬಿಯ ಪದಗಳನ್ನು ಧೈರ್ಯವಾಗಿ ಅನುವಾದಿಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಸಂಧಿ ಒಂದೇ ಥರ ಇದೆ, ‘ಕತನ’ ಮತ್ತು ‘ಕತ್ತಿ’ ಒಂದೇ ಥರ ಕೇಳುತ್ತೆ, ಅದಕ್ಕೆ ಎರಡೂ ಒಂದೇ ಮೂಲ ಅಂತ ಸ್ಟೇಟಸ್ ಹಾಕಬೇಡಿ. ಸುಸುಮು ಓನೊ ಅನ್ನುವ ಜಪಾನಿ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಅಂತ ವರ್ಷಗಟ್ಟಲೆ ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಎರಡು ಗ್ರಾಫ್ ಒಂದು ಕಡೆ ಮುಟ್ಟಿದ ಮಾತ್ರಕ್ಕೆ ಎರಡೂ ಒಂದೇ ಸಮೀಕರಣ ಆಗಲ್ಲ.

ಅನ್ವರ್ಥನಾಮದಲ್ಲಿ ಇಂಗ್ಲಿಷ್ ನಮ್ಮನ್ನು ದಾರಿ ತಪ್ಪಿಸೋದೂ ಉಂಟು. ‘ಶುರಿಕೆನ್’ ಅಂದ್ರೆ ಕೈಯೊಳಗೆ ಅಡಗುವ ಅಲಗು ಅಂತ ಅರ್ಥ. ಇಂಗ್ಲಿಷ್‌ನಲ್ಲಿ ಅದು ‘ನಿಂಜಾ ಸ್ಟಾರ್’ ಆಯ್ತು. ಆದರೆ ಶುರಿಕೆನ್‌ನಲ್ಲಿ ನಕ್ಷತ್ರದ ಆಕಾರದ್ದು ಒಂದು ಬಗೆ ಮಾತ್ರ. ನೇರವಾದ ಮೊಳೆಯ ಹಾಗಿರುವ ಇನ್ನೊಂದು ಬಗೆ ಇದೆ. ‘ನಕ್ಷತ್ರಾಯುಧ’ ಅಂತ ಕನ್ನಡ ಮಾಡಿದರೆ ಇಂಗ್ಲಿಷಿನ ತಪ್ಪನ್ನು ನಾವು ಕಾಪಿ ಹೊಡೆದ ಹಾಗೆ. ‘ಎಸೆಯುವ ಅಲಗು’ ಅನ್ನಬಹುದು, ಇಲ್ಲಾ ಶುರಿಕೆನ್ ಅಂತಲೇ ಬಿಡಬಹುದು.

3. ನಿಜವಾದ ಕಷ್ಟ ರೂಢನಾಮದಲ್ಲಿ

‘ಯುಮಿ’ ಅಂದ್ರೆ ಬಿಲ್ಲು. ‘ಯರಿ’ ಅಂದ್ರೆ ಈಟಿ. ‘ಬೋ’ ಅಂದ್ರೆ ಕೋಲು. ಇವು ಜಪಾನಿನವರಿಗೆ ದಿನಬಳಕೆಯ ಪದಗಳು, ನಮ್ಮ ಬಿಲ್ಲು, ಈಟಿ, ಕೋಲು ಇದ್ದ ಹಾಗೆ. ‘ಅವನು ಯುಮಿಗೆ ಹೆದೆ ಏರಿಸಿದ’ ಅಂತ ಬರೆದರೆ ಏನೋ ವಿಶೇಷ ಯಂತ್ರ ಅಂತ ಓದುಗರು ಅಂದುಕೊಳ್ಳುತ್ತಾರೆ. ಬಿಲ್ಲು ಅನ್ನಿ ಸಾಕು. ಜಪಾನಿನ ಬಿಲ್ಲು 2 ಮೀಟರಿಗಿಂತ ಉದ್ದ, ಹಿಡಿ ನಟ್ಟನಡುವೆ ಇರದೆ ಕೆಳಗಿನಿಂದ ಸುಮಾರು ಮೂರನೇ ಒಂದು ಭಾಗದ ಹತ್ತಿರ ಇರುತ್ತೆ. ಆ ವಿಷಯ ಬೇಕಾದಲ್ಲಿ ಒಂದು ವಾಕ್ಯ ಸೇರಿಸಿ. ಹೆಸರು ವಿವರಣೆಯ ಕೆಲಸ ಮಾಡಬೇಕಾಗಿಲ್ಲ.

ನಮ್ಮ ಪದ ಬಳಸುವುದರಲ್ಲಿ ಇನ್ನೊಂದು ಲಾಭ ಇದೆ. ನಮ್ಮ ಪದ ತನ್ನ ಕ್ರಿಯಾಪದಗಳನ್ನೂ ಜೊತೆಗೆ ಕರಕೊಂಡು ಬರುತ್ತೆ. ಕತ್ತಿ ಅಂದ್ರೆ ಹಿರಿಯುವುದು, ಬೀಸುವುದು, ಝಳಪಿಸುವುದು, ಮಸೆಯುವುದು ಎಲ್ಲ ಬರುತ್ತೆ. ‘ಕಟಾನಾ’ ಒಂಟಿಯಾಗಿ ಬರುತ್ತೆ. ಆಮೇಲೆ ನಾವು ‘ಕಟಾನಾ ಯೂಸ್ ಮಾಡಿದ’ ಅಂತ ಬರೆದು ಕೈ ತೊಳೆದುಕೊಳ್ತೇವೆ.

ಹಾಗಾದ್ರೆ ಕತನವನ್ನೂ ಕತ್ತಿ ಅಂದುಬಿಡಬಹುದಾ? ಕಥೆ ಹೇಳುವಾಗ ಹೌದು. ಜಪಾನಿಯಲ್ಲೂ ‘ಕತನ’ ಮೂಲತಃ ವಿಶಾಲ ಅರ್ಥದ ಪದವೇ. ಒಂದು ಬದಿ ಮಾತ್ರ ಹರಿತ ಇರುವ ಅಲಗು ಅಂತ ಸಾಮಾನ್ಯವಾಗಿ ಕೊಡುವ ಅರ್ಥ. ಸಣ್ಣ ಚಾಕುವಿಗೆ ‘ಕೊಗತನ’ ಅಂತಾರೆ. ಇಲ್ಲೂ ಕ ಗ ಆಯ್ತು ನೋಡಿ. ನಮ್ಮ ‘ಕತ್ತಿ’ ಕೂಡ ಹಾಗೇ. ಯುದ್ಧದ ಕತ್ತಿ ಅದೇ, ಮಾವಳ್ಳಿಯಲ್ಲಿ ಎಳನೀರು ಕೆತ್ತುವ ಕತ್ತಿಯೂ ಅದೇ. ಅದೇ ಕೇರಿಯ ಕೊಂಕಣಿ ಮನೆಯಲ್ಲಿ ಅದು ‘ಕೊಯ್ತಿ’, ಬೆಂಗಳೂರಿಗೆ ಹೋದರೆ ‘ಮಚ್ಚು’.

ಆದರೆ ಬಗೆಗಳ ವ್ಯತ್ಯಾಸವೇ ವಿಷಯ ಆದಾಗ ಕತ್ತಿ ಸಾಕಾಗಲ್ಲ. ಎದೋ ಕಾಲದ ಅಳತೆ ‘ಶಕು’; 1 ಶಕು ಅಂದ್ರೆ ಸುಮಾರು 30.3 ಸೆಂಟಿಮೀಟರ್. ಅಲಗು 2 ಶಕುಗಿಂತ ಉದ್ದ ಇದ್ದರೆ ಕತನ, 1 ರಿಂದ 2 ಶಕು ಇದ್ದರೆ ‘ವಕಿಜಶಿ’, 1 ಶಕುಗಿಂತ ಕಡಿಮೆ ಇದ್ದರೆ ‘ತಂತೋ’. ‘ತಚಿ’ ಮತ್ತು ಕತನ ನೋಡೋಕೆ ಹತ್ತಿರ. ತಚಿಯನ್ನು ಹರಿತದ ಬದಿ ಕೆಳಗೆ ಬರುವ ಹಾಗೆ ಸೊಂಟಕ್ಕೆ ತೂಗುಹಾಕುತ್ತಿದ್ದರು. ಕತನವನ್ನು ಹರಿತ ಮೇಲೆ ಬರುವ ಹಾಗೆ ಸೊಂಟಪಟ್ಟಿಗೆ ಸಿಕ್ಕಿಸುತ್ತಿದ್ದರು. ನಾಲ್ಕನ್ನೂ ‘ಖಡ್ಗ’ ಅಂತ ಬರೆದರೆ ನಾಲ್ಕು ಬೇರೆ ಬೇರೆ ವೇರಿಯಬಲ್‌ಗೆ ಒಂದೇ ಹೆಸರು ಕೊಟ್ಟ ಹಾಗೆ. ಕೋಡ್ ಓಡಲ್ಲ.

ರೂಢನಾಮಕ್ಕೆ ಹಾಗಾಗಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ವಸ್ತು ನಮ್ಮಲ್ಲಿ ಇದೆಯಾ? ನಮ್ಮ ಪದ ಹಾಕಿದರೆ ಈ ಬರಹಕ್ಕೆ ಬೇಕಾದ ಯಾವುದಾದರೂ ವ್ಯತ್ಯಾಸ ಅಳಿಸಿಹೋಗುತ್ತಾ? ಅಳಿಸದಿದ್ದರೆ ನಮ್ಮ ಪದ, ಅಳಿಸಿದರೆ ಅವರ ಪದ.

4. ನಮ್ಮ ಹಿರಿಯರು ಏನು ಮಾಡಿದ್ದರು?

ಕನ್ನಡಕ್ಕೆ ಇದು ಹೊಸ ಸಮಸ್ಯೆ ಅಲ್ಲ. ಮದ್ದು ತುಂಬಿ ಹೊಡೆಯುವ ಆಯುಧಗಳು ಹೊರಗಿನಿಂದ ಬಂದಾಗ ಕನ್ನಡಿಗರು ಎರಡೂ ದಾರಿ ಹಿಡಿದರು. ತುಪಾಕಿ, ಬಂದೂಕು ಹೊರಗಿನ ಪದಗಳು, ಹಾಗೇ ಬಂದವು. ‘ಕೋವಿ’ ಮಾತ್ರ ನಮ್ಮದೇ. ಕೊಳವೆ ಅನ್ನುವ ಅರ್ಥದ ಪದಕ್ಕೆ ಹೊಸ ಕೆಲಸ ಕೊಟ್ಟರು. ಔಷಧಿ ಅನ್ನುವ ಅರ್ಥದ ‘ಮದ್ದು’ ಸಿಡಿಯುವ ಪುಡಿಗೂ ಹೆಸರಾಯ್ತು. ಆಕಾಶಕ್ಕೆ ಹಾರಿ ಉರಿಯುವುದನ್ನು ‘ಬಾಣ ಬಿರುಸು’ ಅಂದರು. ಈ ಪದಗಳಲ್ಲಿ ಯಾವುದೂ ಇನ್ನೊಂದನ್ನು ಓಡಿಸಲಿಲ್ಲ.

‘ಫಿರಂಗಿ’ ಇನ್ನೂ ಸ್ವಾರಸ್ಯ. ಯುರೋಪಿನವರನ್ನು ಫಿರಂಗಿಗಳು ಅನ್ನುತ್ತಿದ್ದರು. ಅವರ ತೋಪಿಗೂ ಅದೇ ಹೆಸರು ನಿಂತಿತು. ನಮ್ಮ ಕರಾವಳಿಗೆ ಬಂದ ಫಿರಂಗಿಗಳು ಅಂದ್ರೆ ಮೊದಲು ಪೋರ್ಚುಗೀಸರು. 1510ರಲ್ಲಿ ಗೋವಾ ಹಿಡಿದರು. ಹೊನ್ನಾವರವನ್ನು ‘ಒನೋರ್’ ಅಂದರು, ಭಟ್ಕಳವನ್ನು ‘ಬಟಿಕಲಾ’ ಅಂದರು. ಅದೇ ಪೋರ್ಚುಗೀಸರು 1543ರಲ್ಲಿ ಜಪಾನಿನ ತನೆಗಶಿಮ ದ್ವೀಪಕ್ಕೆ ಬಂದೂಕು ತಗೊಂಡು ಹೋದರು. ಜಪಾನಿನವರು ಆ ಬಂದೂಕಿಗೆ ‘ತನೆಗಶಿಮ’ ಅಂತಲೇ ಹೆಸರಿಟ್ಟರು. ನಾವು ತಂದವರ ಹೆಸರು ಇಟ್ಟೆವು, ಅವರು ಇಳಿದ ಊರಿನ ಹೆಸರು ಇಟ್ಟರು.

ವಾಪಸ್ ಹೋಗುವಾಗ ಪೋರ್ಚುಗೀಸರು ಜಪಾನಿನಿಂದ ‘ಕತನ’ ಅನ್ನುವ ಪದವನ್ನು ತಗೊಂಡು ಹೋದರು. ಇವತ್ತಿನ ಪೋರ್ಚುಗೀಸ್ ಭಾಷೆಯಲ್ಲಿ ‘ಕತಾನ’ ಅಂದ್ರೆ ಏನು ಗೊತ್ತಾ? ಗಿಡಗಂಟಿ ಸವರುವ ಮಚ್ಚು! ಇಂಗ್ಲಿಷ್‌ಗೆ ಹೋದ ಅದೇ ಪದ ಸಮುರಾಯಿಯ ಖಡ್ಗ ಮಾತ್ರ ಆಯ್ತು. ಊರು ಬಿಟ್ಟ ಪದ ಹೋದಲ್ಲಿ ಒಂದು ಮೂಲೆ ಹಿಡಿದು ಕೂರುತ್ತೆ. ನಮ್ಮ ಸಿನಿಮಾದ ‘ಲಾಂಗ್’ ಕೂಡ ಹಾಗೇ. ಇಂಗ್ಲಿಷ್‌ನಲ್ಲಿ ಉದ್ದ ಅನ್ನುವ ಗುಣವಾಚಕ, ಇಲ್ಲಿ ಬಂದು ಆಯುಧ ಆಯ್ತು. ಇಂಗ್ಲೆಂಡಿನವರಿಗೆ ‘ಲಾಂಗ್ ಹಿಡ್ಕೊಂಡು ಬಂದ’ ಅಂದ್ರೆ ಏನೂ ತಿಳಿಯಲ್ಲ.

5. ನಮ್ಮದೇ ಪದ, ಗುರುತು ಸಿಗದ ಹಾಗೆ

ಈಗ ಮೊದಲು ಹೇಳಿದ ಎರಡು ಪದಗಳು.

ಮೆಟೀರಿಯಲ್ ಸೈನ್ಸ್ ಟೆಕ್ಸ್ಟ್‌ಬುಕ್‌ನಲ್ಲಿ ‘ವೂಟ್ಜ್ ಸ್ಟೀಲ್’ ಅಂತ ಓದಿರ್ತೀರಿ. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ, ಕಾರ್ಬನ್ ಜಾಸ್ತಿ ಇರುವ ದಕ್ಷಿಣ ಭಾರತದ ಉಕ್ಕು. ಹೆಸರಾದ ಡಮಾಸ್ಕಸ್ ಖಡ್ಗಗಳ ಜೊತೆ ಇದರ ಹೆಸರು ಬರುತ್ತೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಅನ್ನುವವರು ಲಂಡನ್ನಿನ ರಾಯಲ್ ಸೊಸೈಟಿಗೆ ಕೊಟ್ಟ ಪ್ರಬಂಧದಲ್ಲಿ ಈ ಹೆಸರು ಇದೆ. ಮುಂದೆ ಮೈಕೆಲ್ ಫ್ಯಾರಡೆಯೂ ಈ ಉಕ್ಕಿನ ಮೇಲೆ ಪ್ರಯೋಗ ಮಾಡಿದರು. ‘ವೂಟ್ಜ್’ ಅನ್ನುವ ಪದ ಎಲ್ಲಿಂದ ಬಂತು? ಹೆಚ್ಚಿನವರು ಒಪ್ಪುವ ವಿವರಣೆ ಇದು: ಅದು ನಮ್ಮ ‘ಉಕ್ಕು’. ಯಾರೋ ಕೇಳಿದ್ದನ್ನು ‘ವೂಕ್’ ಅಂತ ಬರೆದರು, ಅದು ಕೈ ಬದಲಾಗುತ್ತಾ ‘ವೂಟ್ಜ್’ ಆಯ್ತು. ಈಗ ನಾವು ಕನ್ನಡದಲ್ಲಿ ‘ವೂಟ್ಜ್ ಉಕ್ಕು’ ಅಂತ ಬರೆದರೆ ‘ಉಕ್ಕು ಉಕ್ಕು’ ಅಂತ ಬರೆದ ಹಾಗೆ. ಮನೆಯವನೇ ಕೋಟು ಹಾಕ್ಕೊಂಡು ಬಂದಾಗ ನೆಂಟ ಅಂತ ಕುರ್ಚಿ ಕೊಡ್ತಾ ಇದ್ದೇವೆ.

ಎರಡನೆಯದು ಕೊಡಗಿನದು. ಕೊಡವರ ‘ಒಡಿಕತ್ತಿ’ ಅಗಲ ಅಲಗಿನ, ಬಾಗಿದ ಕತ್ತಿ. ಹರಿತ ಇರೋದು ಬಾಗಿನ ಒಳಬದಿಯಲ್ಲಿ. ಬೆನ್ನ ಹಿಂದೆ ‘ತೊಡಂಗ್’ ಅನ್ನುವ ಲೋಹದ ಕೊಂಡಿಯಲ್ಲಿ ಒರೆ ಇಲ್ಲದೆ ಸಿಕ್ಕಿಸುತ್ತಾರೆ. ಸೊಂಟದ ಮುಂದೆ ಸಿಕ್ಕಿಸುವ ಚಿಕ್ಕದು ‘ಪೀಚೆಕತ್ತಿ’, ಅದಕ್ಕೆ ಒರೆ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜೆಗೆ ಇಡುತ್ತಾರೆ, ಮದುವೆಯಲ್ಲಿ ಬಾಳೆ ಕಡಿಯೋದು ಒಡಿಕತ್ತಿಯಲ್ಲೇ. ಆದರೆ ಜಾರ್ಜ್ ಕ್ಯಾಮೆರಾನ್ ಸ್ಟೋನ್ 1934ರಲ್ಲಿ ಪ್ರಕಟಿಸಿದ ದೊಡ್ಡ ಆಯುಧಕೋಶದಲ್ಲಿ ಇದು ‘ಅಯ್ದ ಕತ್ತಿ’. ‘ಆಯುಧ ಕತ್ತಿ’ ಅನ್ನೋದನ್ನು ಕೇಳಿ ಬರೆದದ್ದು. ಆಮೇಲೆ ಇಂಗ್ಲಿಷ್ ಅಕ್ಷರ ಹಿಂದೆಮುಂದಾಗಿ ಎಷ್ಟೋ ಕಡೆ ‘ಆದ್ಯ ಕತ್ತಿ’ ಆಗಿದೆ. ಇದನ್ನು ಓದಿದ ಕನ್ನಡಿಗ ಮೊಟ್ಟಮೊದಲ ಕತ್ತಿ ಇದೇ ಅಂತ ಹೊಸ ಇತಿಹಾಸ ಬರೆದರೂ ಆಶ್ಚರ್ಯ ಇಲ್ಲ. ‘ಕೂರ್ಗ್ ಸ್ವೋರ್ಡ್’ ಅಂದರೂ ಸರಿಯಲ್ಲ. ಹೆಚ್ಚಿನ ಬಾಗಿದ ಖಡ್ಗಗಳಿಗೆ ಹರಿತ ಇರೋದು ಹೊರಬದಿಯಲ್ಲಿ, ಇದಕ್ಕೆ ಒಳಬದಿಯಲ್ಲಿ. ಇದನ್ನು ಬೇರೆ ಮಾಡುವ ಮುಖ್ಯ ಗುಣವೇ ಆ ಹೆಸರಲ್ಲಿ ಕಾಣಲ್ಲ.

ಕತನ, ತಚಿ, ವಕಿಜಶಿ ಬೇರೆ ಬೇರೆ ಅಂತ ಜಗತ್ತಿಗೆ ಗೊತ್ತಿದೆ, ಯಾಕಂದ್ರೆ ಜಪಾನಿನವರು ತಮ್ಮ ಪದಗಳನ್ನು ಅಳತೆ ಸಮೇತ ಬರೆದಿಟ್ಟರು, ಬಳಸುತ್ತಾ ಇದ್ದರು. ಒಡಿಕತ್ತಿ, ಪೀಚೆಕತ್ತಿ, ಮೆಟ್ಟುಗತ್ತಿಗಳಿಗೂ ಅದೇ ಮರ್ಯಾದೆ ಸಿಗಬೇಕಾದರೆ ಮೊದಲು ಅದನ್ನು ಕೊಡಬೇಕಾದವರು ನಾವು.

6. ಭಾಗಗಳ ಹೆಸರು

ಕತನದ ಭಾಗಗಳು ಗೇಮ್ ಆಡುವ ಎಲ್ಲರಿಗೂ ಗೊತ್ತು. ಅದೇ ಭಾಗಗಳಿಗೆ ಕನ್ನಡ ಇದೆ. ‘ತ್ಸುಕ’ ಹಿಡಿ. ‘ಸಯ’ ಒರೆ. ‘ಕಿಸ್ಸಕಿ’ ಮೊನೆ. ‘ಮುನೆ’ ಕತ್ತಿಯ ಬೆನ್ನು. ‘ಹ’ ಹರಿತದ ಬಾಯಿ. ಇವಕ್ಕೆಲ್ಲ ನಮ್ಮ ಪದ ಬಳಸಬಹುದು. ಹಿಡಿಗೂ ಅಲಗಿಗೂ ನಡುವೆ ಇರುವ ತಟ್ಟೆ ‘ತ್ಸುಬ’. ಅದನ್ನು ಹಾಗೇ ಇಟ್ಟುಕೊಳ್ಳೋದು ವಾಸಿ. ‘ಹಮೊನ್’ ಕೂಡ ಹಾಗೇ. ಅಲಗಿಗೆ ಜೇಡಿಮಣ್ಣು ಹಚ್ಚುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಮಾರ್ಟೆನ್ಸೈಟ್ ಆಗುತ್ತೆ, ಗಟ್ಟಿ. ಬೆನ್ನು ನಿಧಾನ ತಣಿದು ಮೆದುವಾಗಿ ಉಳಿಯುತ್ತೆ, ಹೊಡೆತ ತಡೆಯುತ್ತೆ. ಎರಡರ ಗಡಿಯಲ್ಲಿ ಕಾಣುವ ಅಲೆಯಂಥ ಗೆರೆಯೇ ಹಮೊನ್. ಆದರೆ ಕೆಲಸದ ಹೆಸರಿಗೆ ನಾವು ಸಾಲ ಮಾಡಬೇಕಾಗಿಲ್ಲ. ಕುಲುಮೆ, ತಿದಿ, ಅಡಿಗಲ್ಲು, ಹದ, ಸಾಣೆ ಎಲ್ಲ ನಮ್ಮಲ್ಲೇ ಇದೆ. ‘ಹೀಟ್ ಟ್ರೀಟ್‌ಮೆಂಟ್’ ಅಂತ ನಾವು ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯೋದರಲ್ಲಿ ದೊಡ್ಡ ಪಾಲನ್ನು ನಮ್ಮ ಕಮ್ಮಾರರು ‘ಹದ’ ಅನ್ನುವ ಎರಡಕ್ಷರದಲ್ಲಿ ಹೇಳುತ್ತಾರೆ.

7. ಸಾರಾಂಶ ಮತ್ತು ಮನೆಗೆಲಸ

ಅಂಕಿತನಾಮವನ್ನು ಮುಟ್ಟಬೇಡಿ. ಅನ್ವರ್ಥನಾಮವನ್ನು ಮೂಲದ ಅರ್ಥ ನೋಡಿ ಕನ್ನಡ ಮಾಡಿ. ರೂಢನಾಮಕ್ಕೆ ಎರಡು ಪ್ರಶ್ನೆ ಕೇಳಿ. ಮೂಲದ ಪದ ಇಟ್ಟುಕೊಂಡರೆ ಮೊದಲ ಸಲ ಅದು ಏನು ಅಂತ ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ಕೊನೇತನಕ ಅದೇ ಕಾಗುಣಿತ ಬಳಸಿ. ಇಂಗ್ಲಿಷ್ ಹೆಸರು ಬೇಕಾಗೋದು ಇಂಗ್ಲಿಷ್‌ನವರ ಆಯುಧದ ಬಗ್ಗೆ ಬರೆಯುವಾಗ ಮಾತ್ರ.

ಹೊರಗಿನವರು ‘ಮುರ್ಡೇಶ್ವರ’ ಅಂದರೂ ನಮ್ಮೂರಿನವರಿಗೆ ಅದು ಮಾವಳ್ಳಿಯೂ ಹೌದು. ಎರಡೂ ಹೆಸರು ಉಳಿದಿವೆ, ಯಾಕಂದ್ರೆ ಪಂಚಾಯತಿಯ ಕಾಗದದಲ್ಲೂ ಜನರ ಬಾಯಲ್ಲೂ ಮಾವಳ್ಳಿ ಇನ್ನೂ ಇದೆ. ಪದ ಉಳಿಯೋದು ಹೀಗೆ.

ಈಗ ಮನೆಗೆಲಸ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು ಈ ರಜೆಯಲ್ಲಿ ಮನೆಗೆ ಹೋದಾಗ ಅಡುಗೆಮನೆ, ಕೊಟ್ಟಿಗೆ, ತೋಟ, ದೋಣಿ ಈ ನಾಲ್ಕು ಜಾಗದಲ್ಲಿ ಇರುವ ಕೊಯ್ಯುವ, ಕಡಿಯುವ, ಕೆತ್ತುವ ಸಾಮಾನುಗಳನ್ನು ನೋಡಿ. ಅಜ್ಜಿ, ಅಮ್ಮ, ಕೆಲಸಕ್ಕೆ ಬರುವವರು ಅದನ್ನು ಏನಂತಾರೆ ಕೇಳಿ. ಹೆಸರು, ಊರು, ಮನೆಮಾತು, ಉದ್ದ ಎಷ್ಟು ಸೆಂಟಿಮೀಟರ್, ಹರಿತ ಯಾವ ಬದಿ, ಯಾವ ಕೆಲಸಕ್ಕೆ, ಇಷ್ಟು ಬರೆದು ಒಂದು ಚಿತ್ರ ಹಾಕಿ ಸಂಘಕ್ಕೆ ಕಳಿಸಿ. ಇಂಗ್ಲಿಷ್ ಹೆಸರಿನ ಕಾಲಂ ಬೇಡ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡೋಣ.